ಗದ್ದಲ ಮಾಡದ ಓಬವ್ವ

ನವೆಂಬರ್ ಬಂತೆಂದರೆ ನಮ್ಮ ಚಿತ್ರದುರ್ಗದ ಸೀಮೆಯಲ್ಲಿ ಒನಕೆಗಳಿಗೆ ಬಿಡುವಿಲ್ಲ. ಒಂದನೇ ತಾರೀಖು ರಾಜ್ಯೋತ್ಸವ, ಹನ್ನೊಂದಕ್ಕೆ ಓಬವ್ವನ ಜಯಂತಿ, ಹದಿನಾಲ್ಕಕ್ಕೆ ಮಕ್ಕಳ ದಿನಾಚರಣೆ. ಮೂರಕ್ಕೂ ಓಬವ್ವ ಬೇಕು. ಜಯಂತಿಗೆ ಸರ್ಕಾರದ ಮುದ್ರೆ ಬಿದ್ದದ್ದು 2021ರಲ್ಲಿ. ಅದಕ್ಕೆಷ್ಟೋ ಮೊದಲಿನಿಂದಲೂ ನಮ್ಮ ಶಾಲೆಗಳು ಆಕೆಯನ್ನು ವೇದಿಕೆ ಹತ್ತಿಸುತ್ತಲೇ ಇವೆ. ಭತ್ತ ಕುಟ್ಟುವ ಕೆಲಸ ಮಿಲ್ಲಿಗೆ ಹೋಗಿ ಕಾಲವಾಯಿತು. ನಮ್ಮೂರು ಮದಕರಿಪುರದಲ್ಲಿ ಇನ್ನೂ ಯಾರಾದರೂ ಅಟ್ಟದ ಮೇಲೆ ಒನಕೆ ಇಟ್ಟುಕೊಂಡಿದ್ದರೆ ಅದು ಮೊಮ್ಮಕ್ಕಳ ನಾಟಕಕ್ಕೇ ಇರಬೇಕೆಂದು ನನ್ನ ಗುಮಾನಿ.

ಓಬವ್ವನಿಗೆ ಬರವಿಲ್ಲ. ಬರ ಇರುವುದು ಹೈದರಾಲಿಯ ಸಿಪಾಯಿಗಳಿಗೆ. ತರಗತಿಯಲ್ಲಿ ಎಷ್ಟು ಹೆಣ್ಣುಮಕ್ಕಳೋ ಅಷ್ಟೂ ಓಬವ್ವ. ಹುಡುಗರೆಲ್ಲ ಮದಕರಿ ನಾಯಕ. ಕೋಟೆಯ ಕಿಂಡಿಯಲ್ಲಿ ತಲೆ ತೂರಿಸಿ ಏಟು ತಿನ್ನುವವರು ಯಾರು? 1779ರಲ್ಲಿ ಇಡೀ ದುರ್ಗವನ್ನೇ ಗೆದ್ದ ಹೈದರಾಲಿಗೆ ನಮ್ಮೂರಲ್ಲಿ ನಾಲ್ಕು ಜನ ಸಿಪಾಯಿ ಹುಟ್ಟುವುದಿಲ್ಲ!

ಮಕ್ಕಳಿಗೆ ನಾಟಕ ಕಲಿಸುವ ನನಗೆ ಈ ಸಲವೂ ಅದೇ ಫಜೀತಿ. ಕೊನೆಗೆ ಬೇಲಿಯಾಚೆಯ ಯಜಮಾನರ ಮೊಮ್ಮಗಳನ್ನು ಸಿಪಾಯಿ ಮಾಡಿದೆ. ಮಾರನೆಯ ಬೆಳಿಗ್ಗೆ ಹೀರೆಬಳ್ಳಿಗೆ ನೀರು ಬಿಡುವ ನೆವದಲ್ಲಿ ಯಜಮಾನರು ಬೇಲಿಗೇ ಬಂದು ನಿಂತರು.

"ಅಲ್ಲಾ ಮೇಷ್ಟ್ರೇ, ನಮ್ಮುಡುಗಿ ನಿಮಗೇನ್ ಮಾಡೈತೆ?"

"ಯಾಕೆ ಯಜಮಾನ್ರೇ, ಏನಾಯ್ತು?"

"ಹೈದರನ ಕಡೀಗೆ ಸೇರ್ಸಿದೀರಂತೆ. ದುರ್ಗದಾಗೆ ಹುಟ್ಟಿ, ನಾಯಕರ ಉಪ್ಪು ತಿಂದ ಮನೆತನ ನಮ್ದು. ಅದ್ರಾಗೂ ಒಂದು ಮಾತಿಲ್ಲಂತೆ. ಬರೋದಂತೆ, ಬೀಳೋದಂತೆ."

"ಬೀಳೋದು ಕಲಿಯೋಕೇ ದಿನ ಹಿಡಿಯುತ್ತೆ ಯಜಮಾನ್ರೇ."

"ಬೀಳೋಕೂ ಕಲೀಬೇಕಾ? ನಾನು ನಮ್ಮನೆ ಬಚ್ಚಲಾಗೆ ಯಾರ ಹತ್ರಾನೂ ಕಲೀದಂಗೆ ಬಿದ್ದೀನಿ!"

ಹೀಗೆ ಶುರುವಾದ ಹರಟೆ ಬಿಸಿಲೇರುವವರೆಗೂ ನಡೆಯಿತು. ಯಜಮಾನರ ಮಾತನ್ನು ತಳ್ಳಿಹಾಕುವ ಹಾಗಿಲ್ಲ. ವಯಸ್ಸಿನಲ್ಲಿ ಅವರು 'ಕುರುಕ್ಷೇತ್ರ'ದ ದುರ್ಯೋಧನ. ಪಾರ್ಟಿಗೆ ವಂತಿಗೆ ಕೊಟ್ಟು ಪಾರ್ಟು ಮಾಡಿದವರು. ಬಯಲುಸೀಮೆಯ ಹಳ್ಳಿ ನಾಟಕದ ಲೆಕ್ಕಾಚಾರವೇ ಬೇರೆ. ಪೇಟೆಯಲ್ಲಿ ನಟನಿಗೆ ಸಂಬಳ ಕೊಡಬೇಕು, ಹಳ್ಳಿಯಲ್ಲಿ ನಟನೇ ದುಡ್ಡು ಕಟ್ಟಬೇಕು. ದುರ್ಯೋಧನ, ಕೃಷ್ಣ ಎಂದರೆ ಹೆಚ್ಚು ವಂತಿಗೆ, ದೂತನಿಗೆ ಕಡಿಮೆ. ಸುಗ್ಗಿ ಮುಗಿದ ಮೇಲೆ ಹಾರ್ಮೋನಿಯಂ ಮೇಷ್ಟ್ರು ಬಂದು ಊರಲ್ಲೇ ಬಿಡಾರ ಹೂಡುತ್ತಿದ್ದರು. ರಾತ್ರಿ ಊಟವಾದ ಮೇಲೆ ಗುಡಿಯ ಪಡಸಾಲೆಯಲ್ಲಿ ತಾಲೀಮು. ಅಕ್ಷರ ಬಾರದವರು ಕೂಡ ಕಿವಿಯಿಂದಲೇ ಕಂದ, ವೃತ್ತ, ಮಾತು ಎಲ್ಲವನ್ನೂ ನುಂಗಿಕೊಂಡು ಬೆಳಗಿನವರೆಗೆ ನಾಟಕ ಆಡುತ್ತಿದ್ದರು. ಇವತ್ತಿನ ನಟರಿಗೆ ಆ ಜ್ಞಾಪಕಶಕ್ತಿಯ ಕಾಲುಭಾಗ ಇದ್ದಿದ್ದರೆ ನಿರ್ದೇಶಕರ ಆಯುಸ್ಸು ಹೆಚ್ಚುತ್ತಿತ್ತು.

"ನಮ್ ಮೇಷ್ಟ್ರು ಹೇಳಿದಂಗೇ ಹೇಳ್ಬೇಕು" ಎಂದರು ಯಜಮಾನರು. "ಒಂದು ಉಸಿರು ಹೆಚ್ಚುಕಮ್ಮಿ ಆತು ಅಂದ್ರೆ ಹಾರ್ಮೋನಿಯಂ ಮುಚ್ಚಿ ಎದ್ದೇ ಹೋಗೋರು. ನೀವೇನ್ರಿ, ಹುಡುಗ್ರನ್ನ ಕರ್ಕೊಂಡು ಹೋಗಿ ಆಟ ಆಡ್ಸಿ ಕಳಿಸ್ತೀರಿ. ಇನ್ನೂ ಡೈಲಾಗೇ ಕೊಟ್ಟಿಲ್ಲಂತೆ!"

ಆ ಮೇಷ್ಟ್ರ ಪದ್ಧತಿಯ ಬಗ್ಗೆ ನನಗೆ ಗೌರವವೇ ಇದೆ. ಅದು ಹೊಲದಲ್ಲಿ ದುಡಿದು ಬಂದ, ಆ ಕಥೆಯನ್ನು ನೂರು ಸಲ ಕೇಳಿದ, ತಾನಾಗಿ ವಂತಿಗೆ ಕಟ್ಟಿ ಬಂದ ಗಂಡಸರಿಗೆ ಹೇಳಿ ಮಾಡಿಸಿದ್ದು. ಮೇಷ್ಟ್ರ ದಾಟಿಯನ್ನು ತೆಗೆದುಕೊಂಡು ಅದರೊಳಗೆ ತಮ್ಮ ಗತ್ತನ್ನು ಸೇರಿಸುವಷ್ಟು ಬದುಕು ಅವರಲ್ಲಿರುತ್ತಿತ್ತು. ಅದನ್ನೇ ತಂದು ಹತ್ತು ವರ್ಷದ ಮಗುವಿನ ಮೇಲೆ ಹೇರಿದರೆ ಮಗು ಮೇಷ್ಟ್ರ ನಕಲು ತೆಗೆಯುತ್ತದೆ, ಅಷ್ಟೆ. ಯಾವುದಾದರೂ ಶಾಲೆಯ ವಾರ್ಷಿಕೋತ್ಸವಕ್ಕೆ ಹೋಗಿ ಕಣ್ಣು ಮುಚ್ಚಿ ಕೂತುಕೊಳ್ಳಿ. ರಾಜ, ಮಂತ್ರಿ, ರಾಕ್ಷಸ, ಋಷಿ ಎಲ್ಲರೂ ಒಂದೇ ರಾಗದಲ್ಲಿ ಮಾತಾಡುತ್ತಾರೆ. ಅದು ಆ ನಾಟಕ ಕಲಿಸಿದ ಟೀಚರಮ್ಮನ ರಾಗ.

ಬಿ.ವಿ. ಕಾರಂತರು ಮಕ್ಕಳಿಗಾಗಿ 'ಪಂಜರಶಾಲೆ' ಎಂಬ ನಾಟಕ ಬರೆದರು. ಮೂಲ ಕಥೆ ರವೀಂದ್ರನಾಥ ಠಾಕೂರರದು. ಒಂದು ಹಕ್ಕಿಗೆ ವಿದ್ಯೆ ಕಲಿಸಬೇಕೆಂದು ರಾಜನ ಅಪ್ಪಣೆ. ಪಂಡಿತರು ಸೇರುತ್ತಾರೆ, ಚಿನ್ನದ ಪಂಜರವಾಗುತ್ತದೆ, ಪುಸ್ತಕದ ಹಾಳೆಗಳನ್ನು ಹಕ್ಕಿಯ ಬಾಯಿಗೆ ತುರುಕುತ್ತಾರೆ. ಹಾಡು ನಿಂತಿತು, ಹಾರಾಟ ನಿಂತಿತು, ವಿದ್ಯಾಭ್ಯಾಸ ಪೂರ್ತಿಯಾಯಿತು ಎಂದು ಎಲ್ಲರೂ ಸಂತೋಷಪಡುವ ಹೊತ್ತಿಗೆ ಹಕ್ಕಿ ಸತ್ತಿರುತ್ತದೆ. ಈ ನಾಟಕವನ್ನೇ ಕೆಲವರು ಮಕ್ಕಳಿಗೆ ಗಿಳಿಪಾಠ ಮಾಡಿಸಿ ಆಡಿಸುವುದನ್ನು ನೋಡುವಾಗ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ.

ಕಾರಂತರಿಗೆ ಈ ಕಥೆ ಯಾಕೆ ಹಿಡಿಸಿತೆಂದು ಊಹಿಸುವುದು ಕಷ್ಟವಲ್ಲ. ಅವರು ಹುಡುಗನಾಗಿದ್ದಾಗಲೇ ಮನೆ ಬಿಟ್ಟು ಓಡಿಹೋಗಿ ಗುಬ್ಬಿ ವೀರಣ್ಣನವರ ಕಂಪನಿ ಸೇರಿದವರು. ಕಂಪನಿಯ ಬಾಯಿಪಾಠದ ಶಿಸ್ತನ್ನು ಒಳಗಿನಿಂದ ಬಲ್ಲವರು. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಓದು ಮುಗಿಸಿದ ಮೇಲೆ ಅಲ್ಲಿಯ ಸರ್ದಾರ್ ಪಟೇಲ್ ವಿದ್ಯಾಲಯದಲ್ಲಿ ಮಕ್ಕಳಿಗೆ ನಾಟಕದ ಮೇಷ್ಟ್ರೂ ಆಗಿದ್ದರು. ಬೆಂಗಳೂರಿನಲ್ಲಿ ಅವರ ಪತ್ನಿ ಪ್ರೇಮಾ ಕಾರಂತರು ಮಕ್ಕಳ ರಂಗಭೂಮಿಯನ್ನೇ ತಮ್ಮ ಕೆಲಸ ಮಾಡಿಕೊಂಡರು. ಕಾರಂತರ ಸಂಗೀತದಲ್ಲಿ ಹಾರ್ಮೋನಿಯಂ ಜೊತೆಗೆ ಕಲ್ಲು, ಕೋಲು, ತಗಡು ಕೂಡ ವಾದ್ಯವಾಗುತ್ತಿದ್ದವು. ಮಗುವಿಗೆ ಅದು ಹೊಸದಲ್ಲ. ಅಡುಗೆಮನೆಯ ತಟ್ಟೆ ಬಡಿದು ಬೈಸಿಕೊಂಡ ಅನುಭವ ಎಲ್ಲ ಮಕ್ಕಳಿಗೂ ಇದೆ. ಬೈಯದೆ ತಾಳ ಹಾಕಿದ ಮೇಷ್ಟ್ರು ಸಿಗುವುದು ಮಾತ್ರ ಅಪರೂಪ.

"ಕಾರಂತ್ರು ದೊಡ್ಡೋರು ಬಿಡ್ರಿ" ಎಂದರು ಯಜಮಾನರು. "ನೀವು ಓಬವ್ವನ ಬಾಯಿ ಯಾಕೆ ಕಟ್ಟೀರಿ, ಅದು ಹೇಳ್ರಿ."

ವಿಷಯಕ್ಕೆ ಬಂದರು. ನಮ್ಮ ಶಾಲೆಗಳಲ್ಲಿ ಓಬವ್ವ ಹೇಗಿರುತ್ತಾಳೆ? ಕಚ್ಚೆ ಸೀರೆ, ಅಗಲ ಕುಂಕುಮ. ಒನಕೆಯನ್ನು ತಲೆಯ ಮೇಲೆ ಎತ್ತಿ, ಮೈಕಿನ ಎದುರು ನಿಂತು, ನಾಡಿನ ಮಹಿಮೆಯಿಂದ ಶುರುಮಾಡಿ ಶತ್ರುವಿನ ವಂಶಾವಳಿಯವರೆಗೆ ಒಂದೇ ಉಸಿರಿನಲ್ಲಿ ಘರ್ಜಿಸುತ್ತಾಳೆ. ಸಿಪಾಯಿ ಕಿಂಡಿಯಲ್ಲಿ ತಲೆ ತೂರಿಸಿಕೊಂಡು, ಡೈಲಾಗು ಮುಗಿಯಲೆಂದು ಕಾಯುತ್ತಿರುತ್ತಾನೆ. ಚಪ್ಪಾಳೆ ಬಿದ್ದ ಮೇಲೆ ಏಟು.

ಈಗ ನಾವು ಅಜ್ಜಿಯರಿಂದ ಕೇಳಿದ ಕಥೆಯನ್ನು ನೆನಪಿಸಿಕೊಳ್ಳಿ. ಕಾವಲುಗಾರ ಮುದ್ದಹನುಮ ಊಟಕ್ಕೆ ಮನೆಗೆ ಬಂದಿದ್ದಾನೆ. ಕುಡಿಯಲು ನೀರಿಲ್ಲ. ಓಬವ್ವ ನೀರು ತರಲು ಹೊರಟವಳು. ಕಿಂಡಿಯ ಹತ್ತಿರ ಪಿಸುದನಿ ಕೇಳಿಸಿತು. ಊಟಕ್ಕೆ ಕೂತ ಗಂಡನನ್ನು ಎಬ್ಬಿಸಲಿಲ್ಲ, ಕೈಗೆ ಒನಕೆ ತೆಗೆದುಕೊಂಡಳು. ಕಿಂಡಿಯಲ್ಲಿ ಒಬ್ಬೊಬ್ಬನೇ ನುಸುಳಬೇಕು. ಬಂದವನ ತಲೆಗೆ ಒಂದು ಪೆಟ್ಟು, ಹೆಣವನ್ನು ಎಳೆದು ಪಕ್ಕಕ್ಕೆ. ಮತ್ತೊಬ್ಬ. ಮತ್ತೊಂದು ಪೆಟ್ಟು.

"ಈಗ ಹೇಳಿ ಯಜಮಾನ್ರೇ, ಆಕೆ ಘರ್ಜಿಸಿದ್ದರೆ ಎರಡನೆಯ ಸಿಪಾಯಿ ಒಳಗೆ ಬರ್ತಿದ್ನಾ?"

ಯಜಮಾನರು ನೀರಿನ ಪೈಪು ಹಿಡಿದು ನಿಂತೇ ಇದ್ದರು. ಹೀರೆಬಳ್ಳಿಯ ಪಾತಿ ತುಂಬಿ ನಮ್ಮ ಅಂಗಳಕ್ಕೆ ಹರಿಯತೊಡಗಿತು.

"ಬರ್ತಿರ್ಲಿಲ್ಲ ಕಣ್ರಿ" ಎಂದರು.

ಅಷ್ಟೇ ವಿಷಯ. ಓಬವ್ವನ ಕಥೆಯ ಶಕ್ತಿ ಇರುವುದು ಆಕೆ ಸದ್ದು ಮಾಡಲಿಲ್ಲ ಎಂಬುದರಲ್ಲಿ. ಕೈಯಲ್ಲಿ ಒನಕೆ, ಬಾಯಿಗೆ ಬೀಗ. ಕೂಗಿಬಿಟ್ಟರೆ ಕೋಟೆ ಹೋಯಿತು. 'ನಾಗರಹಾವು' ಚಿತ್ರವನ್ನೇ ನೆನಪಿಸಿಕೊಳ್ಳಿ. 1972ರಲ್ಲಿ ಬಂದದ್ದು, ಪುಟ್ಟಣ್ಣ ಕಣಗಾಲರದು, ಕಥೆ ನಮ್ಮ ತ.ರಾ.ಸು. ಅವರದು. ಜಯಂತಿಯವರು ಓಬವ್ವನಾಗಿ ಬರುವ ಹಾಡಿನಲ್ಲಿ ಹೊಗಳಿಕೆಯನ್ನೆಲ್ಲ ಪಿ.ಬಿ. ಶ್ರೀನಿವಾಸರ ದನಿ ಹೊತ್ತುಕೊಂಡಿದೆ, ಜಯಂತಿಯವರು ಒನಕೆಯನ್ನಷ್ಟೇ ಹೊತ್ತಿದ್ದಾರೆ. ಹಾಡುವವರು ಬೇರೆ, ಹೊಡೆಯುವವಳು ಬೇರೆ. ನಮ್ಮ ಶಾಲೆಗಳು ಎರಡು ಕೆಲಸವನ್ನೂ ಒಂದೇ ಮಗುವಿನ ತಲೆಗೆ ಕಟ್ಟಿದವು.

ಇದಕ್ಕೆ ಪೂರ್ತಿ ತಪ್ಪು ಶಾಲೆಯದಲ್ಲ. 'ಪ್ರತಿಭಾ ಕಾರಂಜಿ'ಯ ಛದ್ಮವೇಷ ಸ್ಪರ್ಧೆಯಲ್ಲಿ ಓಬವ್ವ ಒಬ್ಬಳೇ. ಎದುರಿಗೆ ಸಿಪಾಯಿಯಿಲ್ಲ, ಕಿಂಡಿಯಿಲ್ಲ, ಇರುವವರು ತೀರ್ಪುಗಾರರು. ಕೂಗದೆ ಇನ್ನೇನು ಮಾಡೀತು ಆ ಮಗು? ಆದರೆ ಸ್ಪರ್ಧೆಗೆ ಕಲಿತ ಕೂಗು ನಾಟಕಕ್ಕೂ ಬಂದು ಕೂತುಬಿಟ್ಟಿತು. ಬಹುಮಾನ ಬಂದ ಮಗುವಿಗೆ ಆ ಕೂಗನ್ನು ಬಿಡಿಸುವುದಕ್ಕೆ ಹೊಸ ಮಗುವಿಗೆ ಕಲಿಸುವುದಕ್ಕಿಂತ ಹೆಚ್ಚು ದಿನ ಹಿಡಿಯುತ್ತದೆ.

ಹಾಗಾದರೆ ಕಲಿಸುವುದು ಹೇಗೆ? "ಧೈರ್ಯವಾಗಿ ನಿಲ್ಲು", "ಕೋಪ ತೋರಿಸು", "ದುಃಖ ಬರಲಿ" ಎಂಬ ಮಾತುಗಳನ್ನು ತಾಲೀಮಿನ ಕೋಣೆಯ ಹೊರಗೆ ಚಪ್ಪಲಿಯ ಜೊತೆ ಬಿಟ್ಟು ಬರಬೇಕು. ಧೈರ್ಯ ತೋರಿಸು ಎಂದರೆ ಮಗು ಎದೆ ಉಬ್ಬಿಸಿ ಕಣ್ಣು ಕೆಕ್ಕರಿಸುತ್ತದೆ. ಅದಕ್ಕೆ ಗೊತ್ತಿರುವ ಧೈರ್ಯ ಟಿವಿಯದು. ಅದರ ಬದಲು ಕೆಲಸ ಕೊಡಿ. "ಗಂಡನ ತಟ್ಟೆಯಲ್ಲಿ ಮುದ್ದೆ ಇದೆ, ನೀರಿಲ್ಲ, ಕೊಡ ತಗೊಂಡು ಹೊರಡು. ಏನೋ ಸದ್ದು ಕೇಳಿಸ್ತು. ಯಾವ ಕಡೆಯಿಂದ? ಕೊಡ ಕೆಳಗಿಡು, ಆದರೆ ಕಲ್ಲಿಗೆ ತಾಗಿದ ಸದ್ದು ಬರಬಾರದು." ಮಗು ಸದ್ದಾಗದಂತೆ ಕೊಡ ಇಡಲು ನೋಡುತ್ತದೆ. ಬೆರಳು ಬಿಗಿಯಾಗುತ್ತದೆ, ಉಸಿರು ತಾನಾಗಿ ನಿಲ್ಲುತ್ತದೆ. ನೋಡುವವರಿಗೆ ಅಲ್ಲಿ ಭಯವೂ ಕಾಣುತ್ತದೆ, ಧೈರ್ಯವೂ ಕಾಣುತ್ತದೆ. ಮಗುವಿಗೆ ಮಾತ್ರ ಕೊಡದ ಚಿಂತೆ.

ಇನ್ನೊಂದು ನಿಯಮ: ಮೇಷ್ಟ್ರು ಮಾಡಿ ತೋರಿಸಬಾರದು. ಇದು ನಮ್ಮಂಥವರಿಗೆ ಉಪವಾಸಕ್ಕಿಂತ ಕಷ್ಟ. ನಾಟಕ ಕಲಿಸುವವರೆಲ್ಲ ಒಳಗೊಳಗೆ ನಟರೇ, ಪಾರ್ಟು ಸಿಗದ ನಟರು. ಮಗು ತಡವರಿಸಿದ ಕೂಡಲೇ "ಹಿಂಗಲ್ಲ, ಇಲ್ ನೋಡು" ಎಂದು ಎದ್ದುಬಿಡುತ್ತೇವೆ. ಮಗು ನೋಡುತ್ತದೆ, ನಾವು ಮಾಡಿದ್ದನ್ನೇ ಮಾಡುತ್ತದೆ, ನಾವು ಖುಷಿಪಡುತ್ತೇವೆ. ಅದು ಸ್ವಂತಕ್ಕೆ ಹುಡುಕುತ್ತಿದ್ದ ಏನೋ ಒಂದು ಅಲ್ಲಿಗೆ ಮುಗಿಯಿತು. ತೋರಿಸುವ ಬದಲು ಕೇಳಬೇಕು: "ಯಾಕೆ ಅಲ್ಲಿ ನಿಂತೆ? ಅಲ್ಲಿಂದ ಕಿಂಡಿ ಕಾಣುತ್ತಾ?" ಕಾಣದಿದ್ದರೆ ಮಗುವೇ ಜಾಗ ಬದಲಿಸುತ್ತದೆ.

ಮಾತು ಕೊಡುವುದು ತಡವಾಗಿ. ಮೊದಲು ಕಥೆ ಹೇಳಿ ಪುಸ್ತಕ ಮುಚ್ಚಿಡುತ್ತೇನೆ. ಮಕ್ಕಳು ತಮ್ಮ ಬಾಯಿಗೆ ಬಂದ ಕನ್ನಡದಲ್ಲಿ ಆಡುತ್ತಾರೆ. "ಏ ಯಾರದು ಅಲ್ಲಿ?" "ಯಾರೋ ಬರ್ತಾವ್ರೆ ಕಣೇ." ಓಬವ್ವ ದುರ್ಗದ ಹೆಣ್ಣುಮಗಳು. "ಎಲವೋ ನೀಚ" ಎಂದು ಆಕೆ ಜನ್ಮದಲ್ಲಿ ಅಂದಿರಲಾರಳು. ಹಾಗೆ ಆಡಿ ಆಡಿ ಉಳಿದ ಮಾತನ್ನು ಬರೆದುಕೊಂಡರೆ ಅದೇ ಡೈಲಾಗು. ಬಾಯಿಪಾಠದ ಕಷ್ಟವೇ ಇಲ್ಲ, ಮರೆತರೂ ಮಗುವಿಗೆ ತನ್ನ ಭಾಷೆಯಲ್ಲಿ ಇನ್ನೊಂದು ಮಾತು ಹುಟ್ಟುತ್ತದೆ.

"ಅದೆಲ್ಲ ಸರಿ, ನಮ್ಮುಡುಗಿ ಬೀಳೋ ವಿಚಾರ?" ಯಜಮಾನರು ಕೇಸು ಬಿಡುವವರಲ್ಲ.

ನನ್ನ ತಾಲೀಮಿನಲ್ಲಿ ಮೊದಲು ಎಲ್ಲರೂ ಸಿಪಾಯಿಗಳೇ, ಓಬವ್ವ ಆಗುವವಳೂ ಸೇರಿ. ಜಮಖಾನದ ಮೇಲೆ ಬೀಳುವ ಅಭ್ಯಾಸ. ಅಂಗೈ ಊರಿ ಬಿದ್ದರೆ ಮಣಿಕಟ್ಟು ಹೋಗುತ್ತದೆ. ಮೊದಲು ಮಂಡಿ ಮಡಿಸಬೇಕು, ಆಮೇಲೆ ಸೊಂಟದ ಪಕ್ಕ, ಆಮೇಲೆ ಭುಜ. ತಲೆ ಕೊನೆಗೆ, ನಿಧಾನಕ್ಕೆ. ಒನಕೆ ಎಂದರೆ ಬಟ್ಟೆ ಸುತ್ತಿದ ರಟ್ಟಿನ ಕೊಳವೆ. ಅಟ್ಟದ ಒನಕೆಯನ್ನು ತಾಲೀಮಿಗೆ ತರುವಂತಿಲ್ಲ. ಪೆಟ್ಟು ತಲೆಗೆ ಮುಟ್ಟುವ ಮೊದಲೇ ನಿಲ್ಲಬೇಕು, ಬೀಳುವವಳು ಆ ಕ್ಷಣಕ್ಕೇ ಬೀಳಬೇಕು. ಹೊಡೆಯುವವಳು, ಬೀಳುವವಳು ಒಬ್ಬರನ್ನೊಬ್ಬರು ನಂಬದಿದ್ದರೆ ಇದು ಆಗುವುದೇ ಇಲ್ಲ. ಈ ಪಾಠವಾದ ಮೇಲೆ ನಮ್ಮಲ್ಲಿ ಸಿಪಾಯಿ ಪಾರ್ಟಿಗೇ ನೂಕುನುಗ್ಗಲು. ಮದಕರಿ ನಾಯಕರೆಲ್ಲ ಸಿಂಹಾಸನ ಬಿಟ್ಟು ಬೀಳಲು ಬರುತ್ತಾರೆ.

ಸಿಪಾಯಿಗೂ ಒಂದು ಪ್ರಶ್ನೆ ಕೊಡುತ್ತೇನೆ. "ನಿನ್ನ ಮುಂದೆ ಹೋದವನು ಒಳಗೆ ಹೋದ. ಆಮೇಲೆ ಅವನ ಸದ್ದೇ ಇಲ್ಲ. ಯಾಕೆ?" ಯಜಮಾನರ ಮೊಮ್ಮಗಳು ಕಿಂಡಿಯ ಮುಂದೆ ಬಂದು, ತಲೆ ತೂರಿಸುವ ಮೊದಲು ಹಿಂದಿನವನ ಕಡೆ ತಿರುಗಿ ನೋಡಿದಳು. ಯಾರೂ ಹೇಳಿಕೊಟ್ಟದ್ದಲ್ಲ. ಹಿಂದಿನವನು ಅವಳ ಬೆನ್ನಿಗೆ ಕೈ ಹಾಕಿ ಮುಂದಕ್ಕೆ ತಳ್ಳಿದ. ಹೈದರಾಲಿಯ ಸೈನ್ಯದಲ್ಲೂ ಹೆದರಿಕೊಂಡ ಮನುಷ್ಯರಿದ್ದರು ಎಂಬುದು ಆ ಒಂದು ನೋಟದಲ್ಲಿ ಬಂತು. ಅರ್ಧ ಪುಟದ ಡೈಲಾಗಿನಲ್ಲಿ ಬರುವಂಥದ್ದಲ್ಲ ಅದು.

ಇದನ್ನು ಹೇಳಿದಾಗ ಯಜಮಾನರು ಮೊದಲ ಸಲ ಪೈಪಿನ ನಲ್ಲಿ ನಿಲ್ಲಿಸಿದರು. "ಹಂಗಾ ಮಾಡ್ತು?" ಎಂದರು. "ಅವರಜ್ಜಿ ಥರಾನೇ. ಬಾಗಿಲು ದಾಟೋ ಮೊದ್ಲು ಹಿಂದಕ್ ತಿರುಗಿ ನೋಡೋದು."

ಸಣ್ಣ ಪಾರ್ಟಿನ ದೊಡ್ಡಸ್ತಿಕೆ ನಮ್ಮ ಸೀಮೆಗೆ ಹೊಸದಲ್ಲ. ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ಮೇಷ್ಟ್ರಾಗಿದ್ದ ಎಚ್.ಎಸ್. ವೆಂಕಟೇಶಮೂರ್ತಿಯವರು ಮಕ್ಕಳಿಗೆ ಬರೆದ ನಾಟಕದ ಹೆಸರು 'ಅಳಿಲು ರಾಮಾಯಣ'. ರಾಮನೂ ಇದ್ದಾನೆ, ಹೆಸರು ಮಾತ್ರ ಅಳಿಲಿಗೆ.

ಇನ್ನು ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿ. ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿಯವರು ಮಠದ ಅಂಗಳಕ್ಕೇ ರಂಗಭೂಮಿಯನ್ನು ತಂದರು. 1997ರಿಂದ 'ಶಿವಸಂಚಾರ' ತಂಡ ನಾಡೆಲ್ಲ ಸುತ್ತಿ ನಾಟಕ ಆಡುತ್ತಿದೆ. 2008ರಲ್ಲಿ ಶುರುವಾದ ಶಿವಕುಮಾರ ರಂಗಪ್ರಯೋಗಶಾಲೆ ಯುವಕ ಯುವತಿಯರಿಗೆ ನಾಟಕ ಕಲಿಸುತ್ತದೆ. ನವೆಂಬರ್ ಮೊದಲ ವಾರ ಅಲ್ಲಿ ನಾಟಕೋತ್ಸವ. ಬಯಲು ರಂಗಮಂದಿರದ ಮೆಟ್ಟಿಲುಗಳ ಮೇಲೆ ಸುತ್ತಲ ಹಳ್ಳಿಯವರು ಬಂದು ಕೂರುತ್ತಾರೆ. ನಾಟಕ ಕಲಿಯುವ ಮಗುವಿಗೆ ಮೊದಲ ಪಾಠ ನಾಟಕ ನೋಡುವುದು. ಒಂದೂ ನಾಟಕ ನೋಡದ ಮಗುವಿಗೆ ನಾಟಕ ಕಲಿಸುವ ಕಷ್ಟ ನನಗೇ ಗೊತ್ತು. ಅದಕ್ಕೇ ಪ್ರತಿ ವರ್ಷ ನಮ್ಮ ಸೈನ್ಯವನ್ನು ಬಸ್ಸಿಗೆ ತುಂಬಿಸಿಕೊಂಡು ಹೋಗುತ್ತೇನೆ. ಹಿಂದಿರುಗುವಾಗ "ಅಲ್ಲಿ ಲೈಟ್ ಹಾಕೋರು ಎಲ್ಲಿರ್ತಾರೆ ಸಾರ್?" ಎಂದು ಕೇಳುವ ಒಂದು ಮಗು ಇದ್ದೇ ಇರುತ್ತದೆ. ಮುಂದಿನ ವರ್ಷ ಲೈಟು ಅದರ ಕೈಗೆ.

ಮಗುವನ್ನು ವೇದಿಕೆ ಹತ್ತಿಸುವ ಆತುರದ ಬಗ್ಗೆ ಇಂಗ್ಲೆಂಡಿನ ಪೀಟರ್ ಸ್ಲೇಡ್ 1954ರಲ್ಲೇ 'ಚೈಲ್ಡ್ ಡ್ರಾಮಾ' ಎಂಬ ಪುಸ್ತಕದಲ್ಲಿ ಎಚ್ಚರಿಸಿದ್ದರು. ಎಳೆಯ ಮಕ್ಕಳಿಗೆ ನೆಲವೇ ರಂಗ. ಸುತ್ತ ಜಾಗ ಬೇಕು, ಎದುರು ಪರದೆಯಲ್ಲ. ಬೇಗ ಎತ್ತರದ ವೇದಿಕೆಗೆ ಏರಿಸಿದರೆ ಅವು ಆಡುವುದನ್ನು ಬಿಟ್ಟು ತೋರಿಸಿಕೊಳ್ಳುವುದನ್ನು ಕಲಿಯುತ್ತವೆ ಎಂಬುದು ಅವರ ವಾದದ ಸಾರ. ನಮ್ಮ ಪಡಸಾಲೆಯ ತಾಲೀಮು ಕೂಡ ನೆಲದ ಮೇಲೇ. ಮೈಕೂ ಇಲ್ಲ. ಜೋಗಿಮಟ್ಟಿಯ ಕಡೆಯಿಂದ ಬೀಸುವ ಗಾಳಿಗೆ ಮೈಕು ಭೋರೆನ್ನುವುದೇ ಹೆಚ್ಚು. "ಕೊನೇ ಸಾಲಿನಲ್ಲಿ ನಿಮ್ಮಜ್ಜಿ ಕೂತಿದಾಳೆ, ಕಿವಿ ಮಂದ, ಅವಳಿಗೆ ಹೇಳು" ಎಂದರೆ ಮಗುವಿನ ದನಿ ಕೂಗದೆಯೇ ಮುಟ್ಟುತ್ತದೆ. ಕಿವಿ ಮಂದವಾದ ಅಜ್ಜಿಯ ಜೊತೆ ಮಾತಾಡುವ ವಿದ್ಯೆ ಅದಕ್ಕೆ ಮನೆಯಲ್ಲೇ ಬಂದಿರುತ್ತದೆ.

ಇಷ್ಟೆಲ್ಲ ಆದ ಮೇಲೆ ನಾಟಕ ಕೆಡಿಸುವವರು ಯಾರು ಎಂದರೆ, ಕ್ಷಮಿಸಿ, ಅಪ್ಪ ಅಮ್ಮಂದಿರು. ಮೊದಲ ಸಾಲಿನಲ್ಲಿ ಮೊಬೈಲು ಎತ್ತಿ ಹಿಡಿದು "ಚಿನ್ನೂ, ಇಲ್ ನೋಡು" ಎಂದು ಸನ್ನೆ ಮಾಡುತ್ತಾರೆ. ಸತ್ತು ಬಿದ್ದ ಸಿಪಾಯಿ ಕಣ್ಣು ಬಿಟ್ಟು ನಗುತ್ತಾನೆ. ಮನೆಯಲ್ಲಿ ಬಾಯಿಪಾಠ ಮಾಡಿಸಿದ ತಾಯಿ ಸಭೆಯಲ್ಲಿ ಕೂತು ತುಟಿ ಅಲ್ಲಾಡಿಸುತ್ತಾಳೆ, ಮಗುವಿನ ಕಣ್ಣು ಓಬವ್ವನನ್ನು ಬಿಟ್ಟು ಆ ತುಟಿಗೆ ಅಂಟುತ್ತದೆ. ನಾಟಕ ಮುಗಿದ ಮೇಲಿನ ಪ್ರಶ್ನೆ ಇನ್ನೂ ಕೆಟ್ಟದ್ದು: "ನಿಂಗ್ಯಾಕೆ ಇಷ್ಟೇ ಪಾರ್ಟು?"

ಯಜಮಾನರು ಇದನ್ನು ಕೇಳಿ ಮೀಸೆಯಲ್ಲೇ ನಕ್ಕರು. ತಮಗೇ ಹೇಳಿದ್ದೆಂದು ಅವರಿಗೆ ಗೊತ್ತಾಯಿತು. "ಆತು ಬಿಡ್ರಿ. ಬೀಳ್ಲಿ. ಆದ್ರೆ ಮುಂದಿನ್ ವರ್ಷ ಓಬವ್ವ ಮಾಡ್ಬೇಕು."

"ಮುಂದಿನ ವರ್ಷ ಅವಳನ್ನೇ ಕೇಳೋಣ ಯಜಮಾನ್ರೇ."

ಅಪ್ಪ ಅಮ್ಮಂದಿರಲ್ಲಿ, ಅಜ್ಜ ಅಜ್ಜಿಯರಲ್ಲಿ ನನ್ನ ಬಿನ್ನಹ ಇಷ್ಟೆ. ಈ ನವೆಂಬರಿನಲ್ಲಿ ನಿಮ್ಮ ಊರ ಶಾಲೆಯಲ್ಲಿ ನಾಟಕವಿದ್ದರೆ ಹೋಗಿ, ಮೊಬೈಲು ಜೇಬಿನಲ್ಲೇ ಇರಲಿ. ಮಗು ಮನೆಗೆ ಬಂದ ಮೇಲೆ ಎಷ್ಟು ಮಾತಿತ್ತು, ಎಷ್ಟು ಚಪ್ಪಾಳೆ ಬಿತ್ತು ಎಂದು ಕೇಳಬೇಡಿ. "ನಿನ್ನ ಪಕ್ಕದಲ್ಲಿದ್ದವನು ಏನು ಮಾಡ್ತಿದ್ದ?" ಎಂದು ಕೇಳಿ. ಅದಕ್ಕೆ ಉತ್ತರ ಹೇಳುವ ಮಗು ನಾಟಕ ಕಲಿತಿದೆ, ಹೇಳಲಾರದ ಮಗು ಡೈಲಾಗು ಕಲಿತಿದೆ.